ಸೂಲಗಿತ್ತಿಯರ ಅಂಜುಮನ್

ಮಸ್ಕಿ
ದೀಪಾವಳಿ ಪಾಡ್ಯ ಕಳೆದು ಮೂರನೆಯ ದಿನ, ೧೯೪೦

ಮಗಳು ಯಮನಮ್ಮನಿಗೆ,

ನಿನ್ನ ಅವ್ವ ಯಂಕಮ್ಮ ಹೇಳಿ ಬರೆಸುವ ಕಾಗದ. ಬರೆಯುತ್ತಿರುವವರು ಟಪಾಲು ಕಟ್ಟೆಯ ಹಸನ್‌ಸಾಬರು. ನನ್ನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುತ್ತಾರಂತೆ. ತಿದ್ದಲಿ. ಆದರೆ ಬೈಗುಳವನ್ನು ನಾನು ಅಂದ ಹಾಗೆಯೇ ಬರೆಯಬೇಕು, ಅದಕ್ಕೆ ನೀರು ಬೆರೆಸಬಾರದು ಎಂದು ಮೊದಲೇ ಕರಾರು ಮಾಡಿಕೊಂಡಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಅಳಿಯ ಅಂಬಪ್ಪನ ಕೆಮ್ಮು ಹೇಗಿದೆ? ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ದಾಯಿ ಕೆಲಸದವಳ ಗಂಡ ವರ್ಷಗಟ್ಟಲೆ ಕೆಮ್ಮುತ್ತಾನೆ ಎಂದರೆ ನಿಮ್ಮ ಡಾಕ್ಟರ ಸಾಹೇಬರು ಏನು ಮಾಡುತ್ತಾರೆ ಅಲ್ಲಿ ಕೂತು?

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಒಂದೇ ಓಣಿಯಲ್ಲಿ ಎರಡು ಹೆರಿಗೆ. ಮೊದಲನೆಯ ಮನೆಯಲ್ಲಿ ನಾನು ಸೆರಗು ಸಿಕ್ಕಿಸಿಕೊಳ್ಳುವುದರೊಳಗೆ ಗಂಡು ಹುಟ್ಟಿತು. ಒಂದು ರೂಪಾಯಿ, ಐದು ಸೇರು ಜೋಳ, ಹೊಸ ಸೀರೆ ಕೊಟ್ಟರು. ಎರಡನೆಯ ಮನೆಯಲ್ಲಿ ಎರಡು ಹಗಲು, ಎರಡು ರಾತ್ರಿ ಕೂತೆ. ಹಡೆಯುವವಳೂ ಬೆವರಿದಳು, ನಾನೂ ಬೆವರಿದೆ. ಹೆಣ್ಣು ಹುಟ್ಟಿತು. ಎರಡು ಸೇರು ಜೋಳ, ಬೆನ್ನು ಹರಿದ ಹಳೆಯ ಕುಪ್ಪಸ. ಅದನ್ನೂ ದೂರದಿಂದ ಎಸೆದರು. ಯಾಕ್ರೀ ಇಷ್ಟು ಎಂದು ಕೇಳಿದರೆ, "ಹೆಣ್ಣಿಗೆ ಅರ್ಧ ಅಂತ ನಿನಗ ಗೊತ್ತಿಲ್ಲೇನು, ಹೊಸದಾಗಿ ಬಂದಾಳ ಕೇಳಾಕ" ಎಂದರು. ಗೊತ್ತಿದೆ. ನಮ್ಮ ಅತ್ತೆಯ ಅತ್ತೆಗೂ ಗೊತ್ತಿತ್ತು. ಆದರೆ ನನ್ನ ಬೆನ್ನಿಗೆ ಗೊತ್ತಿಲ್ಲವಲ್ಲ, ಹುಟ್ಟಿದ್ದು ಹೆಣ್ಣೆಂದು ಅದು ಅರ್ಧ ನೋಯುವುದಿಲ್ಲ. ಆ ಮೂಳಗಳ ಬಾಯಿಗೆ ಮಣ್ಣು ಬೀಳಲಿ!

ಅಲ್ಲಿಂದ ನೆಟ್ಟಗೆ ಸಂತೆಕಲ್ಲೂರಿಗೆ ಹೋದೆ, ಗದ್ದೆಮ್ಮನ ಹತ್ತಿರ. ನಿನ್ನ ಹೊಕ್ಕುಳ ಕೊಯ್ದವಳು ಆಕೆಯೇ. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಸುಬು ನಿಂತಿದೆ. ಅಲ್ಲಿಗೆ ಸಿಂಧನೂರಿನ ಶಾಕೀರಾಳನ್ನು ಕರೆಸಿದೆವು, ತುರ್ವಿಹಾಳದಿಂದ ಇಬ್ಬರು ಬಂದರು. ಅಂಗಳದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡೆವು. ಶಾಕೀರಾ ಅಂದಳು: "ಸಿಂಧನೂರಾಗ ಹತ್ತಿ ಅರಳಿ ವ್ಯಾಪಾರದವರಿಗೆ ಅಂಜುಮನ್ ಅಂತ ಸಂಘ ಐತಿ, ವಕೀಲರಿಗೆ ಐತಿ. ಅವರು ಏನ್ ಮಾಡ್ತಾರ ಗೊತ್ತೈತೇನು? ಯಾರೂ ಇಷ್ಟಕ್ಕಿಂತ ಕಮ್ಮಿ ತಗೋಬಾರದು ಅಂತ ಕೂತು ಮಾತಾಡ್ತಾರ. ಅಷ್ಟ ಅವರ ವಿದ್ಯಾ. ನಮಗ ಬಾಯಿಲ್ಲೇನು ಮಾತಾಡಾಕ?"

ಹಾಗೆ ಸೂಲಗಿತ್ತಿಯರ ಅಂಜುಮನ್ ಆಯಿತು. ಹೆರಿಗೆಯ ಬ್ಯಾನಿ ತಿನ್ನುವವಳು ಯಾರೇ ಇರಲಿ, ಕರೆದಾಗ ಹೋಗಬೇಕು, ಇಲ್ಲ ಎನ್ನಬಾರದು. ಆದರೆ ಒಂದು ಮನೆ ಗಂಡಿಗೆ ಏನು ಕೊಡುತ್ತದೋ ಹೆಣ್ಣಿಗೂ ಅದನ್ನೇ ಕೊಡಬೇಕು. ಬಡವರು ಎರಡು ಸೇರು ಕೊಡುತ್ತಾರಾ, ಗಂಡಿಗೂ ಹೆಣ್ಣಿಗೂ ಎರಡೇ ಸೇರು. ಅದಕ್ಕಿಂತ ಕಡಿಮೆಗೆ ನಮ್ಮಲ್ಲಿ ಯಾರೂ ಕೈ ಚಾಚಬಾರದು. ಪ್ರತಿ ಹೆರಿಗೆಗೆ ಒಂದು ಸೇರು ಗದ್ದೆಮ್ಮನ ಮನೆಯಲ್ಲಿಟ್ಟ ಕಾಳಿನ ಗುಮ್ಮಿಗೆ ಹಾಕಬೇಕು. ಕಾಯಿಲೆ ಬಿದ್ದವರಿಗೆ, ಕೈಲಾಗದವರಿಗೆ ಆ ಜೋಳ.

ನೀನೂ ಸೇರು. ಲಿಂಗಸೂಗೂರಿನ ಕಡೆ ನಮಗೆ ಯಾರೂ ಇಲ್ಲ.

ನಿನ್ನ ಅವ್ವ,
ಯಂಕಮ್ಮ

*

ಲಿಂಗಸೂಗೂರು
೨೧ ನವೆಂಬರ್ ೧೯೪೦

ಅವ್ವನಿಗೆ ಯಮನಮ್ಮನ ಶರಣು.

ನಿನ್ನ ಕಾಗದವನ್ನು ಇವರಿಗೂ ಓದಿ ಹೇಳಿದೆ. ನಗುತ್ತ ನಗುತ್ತ ಕೆಮ್ಮು ಹತ್ತಿತು, ಆಮೇಲೆ ಸಾಕು ಮಾಡು ಎಂದರು. ಚಳಿ ಶುರುವಾದ ಮೇಲೆ ಕೂಲಿಗೆ ಹೋಗುವುದು ಆಗುತ್ತಿಲ್ಲ. ಮನೆ ನಡೆಯುತ್ತಿರುವುದು ನನ್ನ ಸಂಬಳದ ಮೇಲೆ.

ಅವ್ವ, ಸಿಟ್ಟಾಗಬೇಡ. ನಾನು ಸೇರುವುದಿಲ್ಲ. ನನಗೆ ತಿಂಗಳಿಗೆ ನಿಜಾಮ ಸರ್ಕಾರದ ಹತ್ತು ಹಾಲಿ ರೂಪಾಯಿ ಬರುತ್ತದೆ, ಗಂಡು ಹುಟ್ಟಿದರೂ ಹತ್ತೇ, ಹೆಣ್ಣು ಹುಟ್ಟಿದರೂ ಹತ್ತೇ. ನೀವು ಜಗಳ ಮಾಡಿ ಗಳಿಸಬೇಕೆಂದಿರುವುದು ನನಗೆ ಜಗಳವಿಲ್ಲದೆ ಸಿಕ್ಕಿದೆ. ರಾಯಚೂರಿಗೆ ಹೋಗಿ ಒಂದು ವರ್ಷ ಕಲಿತು ಬಂದದ್ದು ಇದಕ್ಕೇ ಅಲ್ಲವೇ? ಅಕ್ಷರ ಕಲಿತದ್ದೂ ಅಲ್ಲಿಯೇ. ನೀನೇ ಅಲ್ಲವೇ ಬೆಳ್ಳಿ ಕಡಗ ಮಾರಿ ಕಳಿಸಿದವಳು?

ಅಂಜುಮನ್ನಿನಿಂದ ಲಾಭವೇನು ಎಂದು ನೀನು ಬರೆದಿಲ್ಲ. ಬಂದ ಐದು ಸೇರಿನಲ್ಲಿ ಒಂದನ್ನು ಗುಮ್ಮಿಗೆ ಸುರಿದರೆ ಉಳಿಯುವುದು ನಾಲ್ಕು. ಇದು ಗಳಿಕೆಯೋ ನಷ್ಟವೋ? ಗದ್ದೆಮ್ಮಜ್ಜಿಯ ಮೇಲೆ ನನಗೂ ಪ್ರೀತಿ ಇದೆ, ಆದರೆ ಆಕೆಯನ್ನು ಸಾಕಲು ಆಕೆಯ ಮಕ್ಕಳಿದ್ದಾರೆ.

ಮತ್ತೆ ಸಾಹುಕಾರ ಶಿವಶರಣಪ್ಪನವರ ಸೊಸೆ ಶಿವಬಸಮ್ಮನಿಗೆ ದಿನ ತುಂಬುತ್ತಿದೆ ಎಂದು ಕೇಳಿದೆ. ಎರಡು ಹೆಣ್ಣಾಗಿವೆ, ಈ ಸಲ ಗಂಡಾಗಬೇಕೆಂದು ಆ ಮನೆಯವರು ಹರಕೆ ಹೊತ್ತಿದ್ದಾರಂತೆ. ನೀನು ಕೂತ ಗುಡಿಸಲಿನ ಜಾಗ ಅವರದು. ಸುಗ್ಗಿಯಲ್ಲಿ ನಿನಗೆ ಬರುವ ತೆನೆ ಅವರ ಹೊಲದ್ದು. ಬೇರೆಲ್ಲಾದರೂ ನಿನ್ನ ಅಂಜುಮನ್ ನಡೆಸು. ಆ ಮನೆಯಲ್ಲಿ ಬೇಡ.

ನಿನ್ನ ಮಗಳು,
ಯಮನಮ್ಮ

*

ಮಸ್ಕಿ
ಎಳ್ಳಮಾವಾಸ್ಯೆಯ ಮರುದಿನ, ೧೯೪೦

ಮಗಳು ಯಮನಮ್ಮನಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿದಿಲ್ಲ, ಆದರೆ ಹಸನ್‌ಸಾಬರು ಇವತ್ತು ಪುರುಸೊತ್ತಾಗಿದ್ದಾರೆ.

ಲಾಭವೇನು ಎಂದು ಕೇಳಿದ್ದೀಯ. ಹೇಳುತ್ತೇನೆ. ಇಷ್ಟು ವರ್ಷ ಸಾಹುಕಾರ ಅರ್ಧ ಕೊಟ್ಟಾಗ ನಾನು ಯಾಕೆ ಬಾಯಿ ಮುಚ್ಚಿಕೊಂಡು ಬಂದೆ? ನಾನು ಒಲ್ಲೆ ಎಂದರೆ ಸಂತೆಕಲ್ಲೂರಿನಿಂದ ಗದ್ದೆಮ್ಮ ಬರುತ್ತಾಳೆ ಎಂದು. ಗದ್ದೆಮ್ಮ ಯಾಕೆ ಬಾಯಿ ಮುಚ್ಚಿಕೊಂಡಳು? ತಾನು ಒಲ್ಲೆ ಎಂದರೆ ನಾನು ಹೋಗುತ್ತೇನೆ ಎಂದು. ನನ್ನ ಕೂಲಿಯನ್ನು ಅರ್ಧ ಮಾಡಿದವಳು ಗದ್ದೆಮ್ಮ, ಆಕೆಯ ಕೂಲಿಯನ್ನು ಅರ್ಧ ಮಾಡಿದವಳು ನಾನು. ಸಾಹುಕಾರ ಸುಮ್ಮನೆ ಗಾದಿಯ ಮೇಲೆ ಕೂತಿದ್ದ. ಈಗ ಸುತ್ತಲಿನ ಸೂಲಗಿತ್ತಿಯರೆಲ್ಲ ಒಂದೇ ಮಾತು ಹೇಳುತ್ತೇವೆ. ಐದರಲ್ಲಿ ಒಂದು ಹೋದರೆ ನಾಲ್ಕು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ, ಸರಿ. ಮೊದಲು ಹೆಣ್ಣಿಗೆ ಸಿಗುತ್ತಿದ್ದದ್ದು ಎರಡು. ಅದನ್ನು ನಿನ್ನ ರಾಯಚೂರಿನಲ್ಲಿ ಕಲಿಸಲಿಲ್ಲವೇನು?

ಗದ್ದೆಮ್ಮನನ್ನು ಸಾಕಲು ಮಕ್ಕಳಿದ್ದಾರೆ ಎಂದೆ. ಇದ್ದಾರೆ. ಆ ಮಕ್ಕಳ ಮನೆಯಲ್ಲಿ ಆಕೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದಳು. ಈಗ ಗುಮ್ಮಿಯಿಂದ ತನ್ನ ಪಾಲಿನ ಜೋಳವನ್ನು ತಾನೇ ಅಳೆದು ಸೊಸೆಯ ಕೈಗೆ ಕೊಡುತ್ತಾಳೆ. ಸೊಸೆ ಮೊದಲು ಆಕೆಗೇ ರೊಟ್ಟಿ ಹಾಕುತ್ತಾಳೆ. ಇದೂ ಲಾಭದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನಿನ್ನ ಡಾಕ್ಟರ ಸಾಹೇಬರನ್ನು ಕೇಳು.

ಕೊಡುವುದಿಲ್ಲ ಎಂದವರಿಂದ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಶಾಕೀರಾಳ ತಲೆ ಇದು. ಹೆರಿಗೆಯಾದ ಕೂಡಲೇ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊಸಿಲಿಗೆ ಬರುತ್ತೇವೆ. ತಾಯಿ ಕೂಸು ಆರಾಮ ಇದ್ದಾರೆ ಎಂದು ಹೇಳುತ್ತೇವೆ. ಏನು ಹುಟ್ಟಿತು ಎಂದು ಮಾತ್ರ ಹೇಳುವುದಿಲ್ಲ. ಖಾಲಿ ಮೊರವನ್ನು ಮುಂದೆ ಇಡುತ್ತೇವೆ. ಮೊರ ತುಂಬಿದ ಮೇಲೆ ಹೇಳುತ್ತೇವೆ.

ಅರ್ಧ ತುಂಬಿದರೆ ಏನು ಮಾಡುತ್ತೀರಿ ಎನ್ನುತ್ತೀಯಾ? ಯಾರೂ ಅರ್ಧ ತುಂಬುವುದಿಲ್ಲ, ಮಗಳೇ. ಒಳಗಿರುವುದು ಗಂಡಾಗಿದ್ದರೆ? ಗಂಡುಮಗ ಹುಟ್ಟಿದ ಗಳಿಗೆಯಲ್ಲಿ ಅರ್ಧ ಮೊರ ಇಟ್ಟರು ಎಂದರೆ ಎಂಥ ಅಪಶಕುನ! ಯಾವ ಅಜ್ಜಿಗೂ ಅಷ್ಟು ಧೈರ್ಯವಿಲ್ಲ. ಗಂಡಿನ ಆಸೆಯಲ್ಲಿ ಹೆಣ್ಣಿನ ಮೊರ ತುಂಬುತ್ತದೆ. ತಾವೇ ಬಗ್ಗಿ ನೋಡಬಹುದಲ್ಲ ಎಂದರೆ, ನೋಡಲು ನನ್ನ ಕೈಯಲ್ಲಿರುವ ಕೂಸನ್ನು ಮುಟ್ಟಬೇಕು, ಬಟ್ಟೆ ಬಿಡಿಸಬೇಕು. ಸೂತಕ ಗೀತಕ ನಮ್ಮ ಧರ್ಮದಲ್ಲಿ ಇಲ್ಲ ಎಂದು ಜಗಲಿಯ ಮೇಲೆ ಕೂತು ವಚನ ಹೇಳುವವರೂ ನಾನು ಹಿಡಿದ ಕೂಸನ್ನು ನೀರು ಹಾಕದೆ ಮುಟ್ಟುವುದಿಲ್ಲ. ಅವರ ಮಡಿಯೇ ನಮಗೆ ಬಾಗಿಲ ಅಗಳಿ. ಇದನ್ನು ನೆನೆದು ನಾನೂ ಗದ್ದೆಮ್ಮನೂ ಅಂಗಳದಲ್ಲಿ ಬಿದ್ದು ಬಿದ್ದು ನಕ್ಕೆವು.

ಪೊಲೀಸ್ ಅಮೀನ ಬಂದಿದ್ದ. ಸರ್ಕಾರದ ಇಜಾಜತ್, ಪರವಾನಗಿ ಇಲ್ಲದೆ ಜಲಸಾ ಸೇರಿಸಿ ಸಭೆ ಮಾಡುತ್ತೀರಂತೆ, ನಿಮ್ಮ ಅಂಜುಮನ್ನಿನ ಸದರ್, ಯಜಮಾನಿ ಯಾರು ಎಂದು ಕೇಳಿದ. ಗದ್ದೆಮ್ಮ ಕೈ ಎತ್ತಿದಳು, ಅದೂ ಅವನು ನಿಂತಿರದ ದಿಕ್ಕಿಗೆ. "ಏನು ಮಾತಾಡ್ತೀರಿ ಮೀಟಿಂಗ್‌ನಾಗ?" ಎಂದ. "ಸಾಹೇಬ, ನಿಮ್ಮ ಬೀಬಿಗೆ ಕೂಸು ತಿರುಗಿ ನಿಂತಿತ್ತಲ್ಲ, ಅದನ್ನ ಹೆಂಗ ಸರಿ ಮಾಡಿದೆ ಅಂತ ಹೇಳಿಕೊಡಾಕತ್ತೀನಿ, ನಿಮಗೂ ಹೇಳ್ಲೇನು?" ಎಂದಳು ಶಾಕೀರಾ. ಅವನು ಟೋಪಿ ಸರಿ ಮಾಡಿಕೊಂಡು ಹೋದ.

ಸಾಹುಕಾರ ಶಿವಶರಣಪ್ಪ ಕರೆಸಿದ್ದ. ನಾನು ಬರುತ್ತೇನೆ, ಯಾವ ಹೊತ್ತಿಗೆ ಕರೆದರೂ ಬರುತ್ತೇನೆ, ಕೂಲಿ ಮಾತ್ರ ಎರಡಕ್ಕೂ ಒಂದೇ ಎಂದೆ. "ನನ್ನ ಜಾಗದಾಗ ಕುಂತು ನನಗ ಕಾನೂನು ಹೇಳ್ತಿಯೇನ?" ಎಂದ. ಅವನ ಹೆಂಡತಿ ಕಸ್ತೂರೆಮ್ಮ, "ಈಕಿ ಇಲ್ದಿದ್ರ ಊರಾಗ ಯಾರೂ ಹಡಿಯೂದಿಲ್ಲೇನು" ಎಂದಳು. ಆಮೇಲೆ ಸಿಂಧನೂರಿಗೆ ಆಳು ಕಳಿಸಿದ. ಶಾಕೀರಾ ಇದೇ ಮಾತು ಹೇಳಿದಳು. ತುರ್ವಿಹಾಳದವರೂ ಇದೇ ಹೇಳಿದರು. ಹತ್ತಿಯ ದರ ಇಳಿದರೂ ಅವನಿಗೆ ಇಷ್ಟು ಉರಿಯುವುದಿಲ್ಲ ಎಂದು ಅವನ ಗುಮಾಸ್ತನೇ ಹೇಳಿದ. ನನಗೆ ಬಹಳ ಖುಷಿಯಾಯಿತು. ಖುಷಿಯಾಯಿತು ಎಂದು ಎರಡು ಸಲ ಬರೆಯಿರಿ ಎಂದರೆ ಹಸನ್‌ಸಾಬರು ಒಲ್ಲೆ ಎನ್ನುತ್ತಾರೆ.

ನಿನ್ನ ಅವ್ವ,
ಯಂಕಮ್ಮ

*

ಲಿಂಗಸೂಗೂರು
೧೯ ಜನವರಿ ೧೯೪೧

ಅವ್ವ,

ಇದನ್ನು ಓದಿ ಹೇಳುವಾಗ ಹಸನ್‌ಸಾಬರು ಸ್ವಲ್ಪ ಮೆಲ್ಲಗೆ ಓದಲಿ, ಕಟ್ಟೆಯ ಮೇಲೆ ಬೇರೆಯವರು ಇರುತ್ತಾರೆ.

ನಿನ್ನೆ ಸಾಹುಕಾರ ಶಿವಶರಣಪ್ಪನವರು ದವಾಖಾನೆಗೆ ಬಂದಿದ್ದರು. ಡಾಕ್ಟರ ಸಾಹೇಬರ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದರು. ಬರುವಾಗ ಒಂದು ಡಬ್ಬಿ ತುಪ್ಪ ಇತ್ತು, ಹೋಗುವಾಗ ಕೈ ಖಾಲಿ ಇತ್ತು. ನಡುವೆ ನನ್ನನ್ನೂ ಒಳಗೆ ಕರೆದರು. ಶಿವಬಸಮ್ಮನಿಗೆ ಬ್ಯಾನಿ ಶುರುವಾದ ಕೂಡಲೇ ಗಾಡಿ ಕಳಿಸುತ್ತಾರಂತೆ, ನಾನು ಮಸ್ಕಿಗೆ ಹೋಗಬೇಕಂತೆ. ಸಾಹೇಬರು ಹೇಳಿದರು: "ಸಾಹುಕಾರರು ಖುಷಿಯಿಂದ ಏನು ಕೊಡ್ತಾರೋ ತಗೋ. ಜಬರದಸ್ತಿ ಮಾಡಿ ಕೇಳಬೇಡ. ನಿಮ್ಮ ತಾಯಿಯದು ನಮ್ಮ ಕಿವಿಗೂ ಬಿದ್ದಿದೆ."

ಸಾಹುಕಾರರು ನನ್ನ ಮುಖ ನೋಡಿ ನಕ್ಕರು. "ನಿಮ್ಮವ್ವ ಎಲ್ಲಾ ಬಾಗಲಾ ಹಾಕ್ಯಾಳ, ಒಂದು ಬಾಗಲಾ ತನ್ನ ಹೊಟ್ಟಿಯಿಂದ್ಲೇ ತಗದು ಇಟ್ಟಾಳ" ಎಂದರು.

ಅವ್ವ, ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎಂದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಇವರು ಹಾಸಿಗೆ ಹಿಡಿದು ಇಪ್ಪತ್ತು ದಿನವಾಯಿತು. ನಾನು ಬಂದು ಅರ್ಧ ಕೂಲಿ ತೆಗೆದುಕೊಂಡು ಹೋದರೆ ನಿನ್ನ ಅಂಜುಮನ್ನಿನ ಗತಿಯೇನು ಎಂದು ನನಗೂ ಗೊತ್ತು. ಯಂಕಮ್ಮನ ಮಗಳೇ ತೆಗೆದುಕೊಂಡಳು ಎಂದು ಮಾರನೆಯ ದಿನ ಸಿಂಧನೂರಿನ ತನಕ ಸುದ್ದಿ ಹೋಗುತ್ತದೆ. ಆಮೇಲೆ ಯಾವ ಮನೆಯವರೂ ಮೊರ ತುಂಬುವುದಿಲ್ಲ.

ಏನು ಮಾಡಬೇಕೆಂದು ನೀನೇ ಹೇಳು.

ಯಮನಮ್ಮ

*

ಮಸ್ಕಿ
ಜನವರಿ ತಿಂಗಳ ಕಡೆಯ ಸಂತೆಯ ದಿನ, ೧೯೪೧

ಯಮನಮ್ಮನಿಗೆ,

ಬಾ. ಬ್ಯಾನಿ ತಿನ್ನುವವಳು ಕಾಯಬಾರದು. ನಾನು ಅದೇ ಓಣಿಯ ಈಚೆ ಕೈ ಕಟ್ಟಿಕೊಂಡು ಕೂತಿರುತ್ತೇನೆ, ಕಟ್ಟಿದವನು ಸಾಹುಕಾರ, ನಾನಲ್ಲ.

ಶಿವಬಸಮ್ಮನ ಮೊದಲ ಎರಡು ಹೆರಿಗೆ ನಾನೇ ಮಾಡಿದ್ದು. ಆಕೆ ಒದರುವವಳಲ್ಲ, ಹಲ್ಲು ಕಚ್ಚಿ ಸುಮ್ಮನಿರುತ್ತಾಳೆ. ಸುಮ್ಮನಿದ್ದಾಳೆ, ಇನ್ನೂ ತಡವಿದೆ ಎಂದು ಮೋಸ ಹೋಗಬೇಡ. ಹಡೆದ ಮೇಲೆ ಆಕೆಗೆ ರಕ್ತ ಜಾಸ್ತಿ ಹೋಗುತ್ತದೆ. ಹೊಟ್ಟೆಯ ಮೇಲಿನ ಕೈ ತೆಗೆಯಬೇಡ, ಗಟ್ಟಿಯಾಗುವ ತನಕ ಉಜ್ಜುತ್ತಿರು.

ಕೂಲಿಯ ಮಾತು ನಾನು ಹೇಳುವುದಿಲ್ಲ. ನೀನು ಅಂಜುಮನ್ನಿನವಳಲ್ಲ, ನಿನಗೆ ಹೇಳುವ ಹಕ್ಕು ನನಗಿಲ್ಲ. ಅವರು ಕೊಟ್ಟಷ್ಟನ್ನು ತೆಗೆದುಕೊಂಡರೆ, ಹೋಗುವಾಗ ನಮ್ಮ ಕೇರಿಗೆ ಬರಬೇಡ.

ಯಂಕಮ್ಮ

*

ಲಿಂಗಸೂಗೂರು
೧೬ ಫೆಬ್ರವರಿ ೧೯೪೧

ಅವ್ವನಿಗೆ,

ಭರತ ಹುಣ್ಣಿಮೆಯ ದಿನ ಸಾಹುಕಾರರ ಮನೆಯಲ್ಲಿ ಏನಾಯಿತು ಎಂದು ಊರಿನವರು ನಿನಗೆ ಒಂದಕ್ಕೆ ಎರಡು ಸೇರಿಸಿ ಹೇಳಿರುತ್ತಾರೆ. ನಡೆದದ್ದನ್ನು ನಾನು ಬರೆಯುತ್ತೇನೆ.

ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಂಡು ಬರಬೇಕು, ನನ್ನ ಗಂಡ ಬದುಕಬೇಕು, ಅವ್ವನ ಸಿಟ್ಟು ಇವತ್ತಲ್ಲ ನಾಳೆ ಇಳಿಯುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಮನೆ ಮುಟ್ಟಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ಶಿವಬಸಮ್ಮ ಒಬ್ಬಳೇ ಇದ್ದಳು. ನೀನು ಹೇಳಿದಂತೆಯೇ ಹಲ್ಲು ಕಚ್ಚಿದ್ದಳು. ನನ್ನನ್ನು ನೋಡಿ, "ನಿಮ್ಮವ್ವ ಯಾಕ ಬರ್ಲಿಲ್ಲ?" ಎಂದಳು. ನಾನು ಕೈ ತೊಳೆಯಲು ನೀರು ಹುಡುಕಿದೆ. "ಗೊತ್ತೈತಿ ಬಿಡು. ನನ್ನ ಎರಡನೇದು ಹುಟ್ಟಿದಾಗ ನಿಮ್ಮವ್ವಗ ಕೊಟ್ಟ ಹಳೇ ಕುಪ್ಪಸ ನಂದ. ಅದನ್ನ ತಗೊಂಡು ಹೋಗೂದನ್ನ ನಾ ಮಲಗಿ ನೋಡೀನಿ" ಎಂದಳು. ಆಮೇಲೆ ಇಬ್ಬರಿಗೂ ಮಾತಿಗೆ ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಇಳಿಯುವಾಗ ಹೆರಿಗೆಯಾಯಿತು. ರಕ್ತ ನಿಲ್ಲುವ ತನಕ ಕೈ ತೆಗೆಯಲಿಲ್ಲ. ಕೂಸನ್ನು ಸುತ್ತಿಕೊಂಡು ಹೊಸಿಲಿಗೆ ಬಂದೆ. ಅಂಗಳದಲ್ಲಿ ಕಸ್ತೂರೆಮ್ಮ, ಸಾಹುಕಾರರು, ಗೋಡೆಯ ಆಚೆ ನೆರೆಮನೆಯ ಹೆಣ್ಣುಮಕ್ಕಳ ತಲೆಗಳು. ಹೊಸಿಲ ಪಕ್ಕದಲ್ಲಿ ಮೊದಲೇ ತಂದಿಟ್ಟ ಒಂದು ಹಳೆಯ ಸೀರೆ, ಎರಡು ಸೇರು ಜೋಳ. ಬೇರೆ ಕಡೆ ಹೊಸ ಸೀರೆ, ಐದು ಸೇರು, ಒಂದು ಬೆಳ್ಳಿ ರೂಪಾಯಿ. ಎರಡೂ ಜೋಡಿಸಿ ಇಟ್ಟಿದ್ದರು, ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತ.

ಅದನ್ನು ನೋಡಿದೆ, ಅವ್ವ. ಸಿಟ್ಟು ಬಂತು. ನಿನಗಾಗಿ ಅಲ್ಲ, ಅಂಜುಮನ್ನಿಗಾಗಿಯೂ ಅಲ್ಲ. ನನ್ನ ಕೈಯಲ್ಲಿದ್ದ ಕೂಸಿಗೆ ಆಗಲೇ ಎರಡು ಬೆಲೆ ಕಟ್ಟಿ ಇಟ್ಟಿದ್ದರು, ಅದಕ್ಕೆ.

"ತಾಯಿ ಕೂಸು ಆರಾಮ ಅದಾರ ರೀ" ಎಂದು, ಗೋಡೆಗೆ ಒರಗಿಸಿದ್ದ ಖಾಲಿ ಮೊರವನ್ನು ಒಂದು ಕೈಯಿಂದ ಹೊಸಿಲ ಮುಂದೆ ಇಟ್ಟೆ.

"ಅದಿರಲಿ, ಏನ್ ಹುಟ್ಟೇತಿ ಹೇಳು" ಎಂದರು ಕಸ್ತೂರೆಮ್ಮ.

"ಮೊರ ತುಂಬಲಿ ರೀ. ಆಮ್ಯಾಲ ಹೇಳ್ತೀನಿ."

ಸಾಹುಕಾರರು ಎದ್ದು ನಿಂತರು. "ಏ, ನೀ ಸರ್ಕಾರದ ಪಗಾರ ತಿನ್ನಾಕಿ. ಆ ಮುದುಕೇರ ಆಟ ಇಲ್ಲಿ ಆಡಬ್ಯಾಡ. ಡಾಕ್ಟರ ಸಾಹೇಬರಿಗೆ ಒಂದು ಮಾತು ಹೇಳಿದ್ರ ನಾಳೆ ಬೀದ್ಯಾಗಿರ್ತಿ."

"ಹೇಳ್ರಿ. ಇವತ್ತು ಈ ಹೊಸ್ತಿಲದಾಗ ಅದೀನಿ. ಎರಡು ಗುಂಪು ಯಾಕ ಮಾಡೀರಿ ಧಣಿ? ಒಂದ ಮಾಡ್ರಿ."

ಕಸ್ತೂರೆಮ್ಮ ಎರಡು ಹೆಜ್ಜೆ ಮುಂದೆ ಬಂದರು, ಬಟ್ಟೆಯ ಕಡೆ ಬಗ್ಗಿದರು. ನಾನು ಕೂಸನ್ನು ಅವರತ್ತ ಚಾಚಿದೆ, "ತಗೋರಿ, ನೀವ ನೋಡ್ರಿ" ಎಂದೆ. ಸೆರಗು ಎಳೆದುಕೊಂಡು ಹಿಂದೆ ಸರಿದರು. ಗೋಡೆಯ ಆಚೆ ಯಾರೋ ನಕ್ಕರು. ಆ ಸಿಟ್ಟಿಗೆ ಒಳಗಿನ ಸೊಸೆಯನ್ನು ಕೂಗಿದರು: "ಶಿವಬಸಮ್ಮಾ! ನೀನರ ಹೇಳ, ಏನ್ ಹಡದಿ?"

ಅಲ್ಲಿಗೆ ನನ್ನ ಆಟ ಮುಗಿಯಿತು ಅಂದುಕೊಂಡೆ. ಹಡೆದವಳ ಬಾಯಿಗೆ ನಮಗೆ ಯಾವ ಅಗಳಿ ಹಾಕಲು ಬರುತ್ತದೆ?

ಒಳಗಿನಿಂದ ಮಾತು ಬಂತು, ಮೆಲ್ಲಗೆ, ಆದರೆ ಅಂಗಳಕ್ಕೆಲ್ಲ ಕೇಳುವ ಹಾಗೆ.

"ಮೊದ್ಲು ಆಕಿ ಮೊರ ತುಂಬ್ರಿ, ಅತ್ತಿ. ಮೂರು ಸಲ ಹಡದೀನಿ, ಒಂದು ಸಲನೂ ನನಗ ಬ್ಯಾನಿ ಅರ್ಧ ಬಂದಿಲ್ಲ."

ಅವ್ವ, ಆ ಮನೆಯಲ್ಲಿ ಆಕೆ ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲವಂತೆ. ಕಸ್ತೂರೆಮ್ಮನಿಗೆ ಏನನ್ನಿಸಿತೋ. ಸೊಸೆ ಇಷ್ಟು ಧೈರ್ಯವಾಗಿ ಮಾತಾಡುತ್ತಾಳೆ ಎಂದರೆ ಗಂಡೇ ಇರಬೇಕು ಅಂದುಕೊಂಡರೋ ಏನೋ, ಹೊಸ ಸೀರೆ, ರೂಪಾಯಿ, ಐದು ಸೇರು ಎಲ್ಲವನ್ನೂ ತಾವೇ ಎತ್ತಿ ಮೊರಕ್ಕೆ ಸುರಿದರು. ನಾನು ಗಂಟು ಕಟ್ಟಿಕೊಂಡೆ. ಆಮೇಲೆ ಹೇಳಿದೆ: "ಹೆಣ್ಣು ರೀ. ತಾಯಿಯಂಗ ಅದಾಳ."

ಸಾಹುಕಾರರ ಗಾಡಿ ನನ್ನನ್ನು ಹೊತ್ತು ತರಲಿಲ್ಲ. ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದೆ. ಕೇರಿಯ ತಿರುವಿನಲ್ಲಿ ಕಾಲು ನಿಂತಿತು. ಅರ್ಧ ತೆಗೆದುಕೊಂಡರೆ ಬರಬೇಡ ಎಂದು ನೀನು ಹೇಳಿದ್ದೆ, ಪೂರ್ತಿ ತೆಗೆದುಕೊಂಡರೆ ಬಾ ಎಂದು ನೀನು ಬರೆದಿರಲಿಲ್ಲ. ನನಗೂ ನಿನ್ನಷ್ಟೇ ಹಟವಿದೆ. ಸಂತೆಕಲ್ಲೂರಿಗೆ ಬಂದು ಗದ್ದೆಮ್ಮಜ್ಜಿಯ ಗುಮ್ಮಿಗೆ ಒಂದು ಸೇರು ಸುರಿದೆ. ಅಜ್ಜಿ ನನ್ನ ಕೈ ಮುಟ್ಟಿ ನೋಡಿ, "ಯಂಕಮ್ಮನ ಮಗಳು ಹೌದಲ್ಲ" ಎಂದಳು.

ನಿನ್ನೆ ಡಾಕ್ಟರ ಸಾಹೇಬರು ಇನ್ನು ಬರಬೇಡ ಎಂದರು. ಈ ತಿಂಗಳ ಸಂಬಳವನ್ನೂ ಕೊಡಲಿಲ್ಲ. ಇವರಿಗೆ ಹೇಳಿದೆ. ಇವರು ಗೋಡೆಯ ಕಡೆ ತಿರುಗಿ ಮಲಗಿದ್ದವರು ಎದ್ದು ಕೂತು, "ಹೆಣ್ಣು ರೀ ಅಂದಾಗ ಆ ಸಾವ್ಕಾರನ ಮಾರಿ ಹೆಂಗಾಗಿತ್ತು, ಅದನ್ನ ಇನ್ನೊಮ್ಮೆ ಹೇಳು" ಎಂದರು.

ಯಮನಮ್ಮ

*

ಮಸ್ಕಿ
ಶಿವರಾತ್ರಿ ಕಳೆದು ಐದನೆಯ ದಿನ, ೧೯೪೧

ನನ್ನ ಮಗಳು ಯಮನಮ್ಮನಿಗೆ,

ನೀನು ತಲೆಯ ಮೇಲೆ ಗಂಟು ಹೊತ್ತು ಕೇರಿಯ ತಿರುವಿನಲ್ಲಿ ನಿಂತದ್ದನ್ನು ನೋಡಿದೆ. ನಾನು ಬೇವಿನ ಮರದ ಹಿಂದೆ ಇದ್ದೆ. ಕರೆಯಲಿಲ್ಲ. ಸಾಹುಕಾರನ ಆಳು ನಿನ್ನ ಹಿಂದೆಯೇ ಬಂದು ನಿಂತಿದ್ದ. ಕರೆದಿದ್ದರೆ ನಾವಿಬ್ಬರೂ ಅಳುತ್ತಿದ್ದೆವು. ಅಳುವುದನ್ನು ನೋಡಿ ಹೋಗಿ ವರದಿ ಹೇಳಲು ಅವನಿಗೆ ಅವಕಾಶ ಕೊಡಬಾರದು ಎನ್ನಿಸಿತು. ನೀನು ಕಣ್ಮರೆಯಾದ ಮೇಲೆ ಅತ್ತೆ. ಬಹಳ ಅತ್ತೆ.

ಶಿವರಾತ್ರಿಯ ಮರುದಿನ ಗದ್ದೆಮ್ಮನ ಅಂಗಳದಲ್ಲಿ ಅಂಜುಮನ್ ಸೇರಿತು. ನಿನ್ನ ಮಾತು ಬಂದಾಗ ನಾನು ಬಾಯಿ ಬಿಡಲಿಲ್ಲ. ಮಗಳ ಪರ ಮಾತಾಡಿದಳು ಎಂದು ಯಾರೂ ಅನ್ನಬಾರದು. ತುರ್ವಿಹಾಳದವರಲ್ಲಿ ಒಬ್ಬಳು ಕೇಳಿದಳು: "ಒಂದ ಸೇರು ಹಾಕ್ಯಾಳ. ಒಂದು ಸೇರು ಹಾಕಿದಾಕಿಗೆ ತಿಂಗಳಾನುಗಟ್ಲೆ ಜೋಳ ಕೊಡೂದು ಯಾವ ಲೆಕ್ಕ?"

ಗದ್ದೆಮ್ಮ ಹೇಳಿದಳು: "ಸೇರು ಹಾಕಿದ ದಿನದಿಂದ ನಮ್ಮಾಕಿ. ಎಷ್ಟು ಹಾಕಿದ್ಲು ಅಂತ ಲೆಕ್ಕ ಇಡಾಕ ಇದೇನು ಸಾವ್ಕಾರನ ಅಂಗಡಿಯೇನು? ಹಾಕಿದಷ್ಟ ತಗಿಯೂದಾದ್ರ ಅವರವರ ಮನ್ಯಾಗ ಇಟ್ಕೋಬಹುದಿತ್ತು, ಗುಮ್ಮಿ ಯಾಕ ಬೇಕು?"

ಆ ತುರ್ವಿಹಾಳದವಳೇ ಮೊದಲು ಎದ್ದು ಜೋಳ ಅಳೆಯಲು ಮರದ ಸೇರು ತಂದಳು. ನಿನಗೂ ಅಂಬಪ್ಪನಿಗೂ ಮುಂಗಾರಿನ ತನಕ ಗುಮ್ಮಿಯಿಂದ ಜೋಳ ಬರುತ್ತದೆ. ಲಿಂಗಸೂಗೂರಿನ ಮನೆಗಳು ನಿನ್ನವು. ನಿನ್ನನ್ನು ಬಿಟ್ಟು ನಮ್ಮಲ್ಲಿ ಯಾರೂ ಅಲ್ಲಿ ಕಾಲಿಡುವುದಿಲ್ಲ. ಡಾಕ್ಟರ ಸಾಹೇಬರು ಬೇರೆ ದಾಯಿಯನ್ನು ಹುಡುಕುತ್ತಿದ್ದಾರಂತೆ. ಸಿಂಧನೂರಿನಲ್ಲಿ ಶಾಕೀರಾಳನ್ನೂ ಕೇಳಿದರಂತೆ. ಆಕೆ ಅಂದ ಮಾತನ್ನು ಬರೆಯಲು ಹಸನ್‌ಸಾಬರು ಒಪ್ಪುತ್ತಿಲ್ಲ, ಕರಾರು ಮುರಿಯುತ್ತಿದ್ದಾರೆ.

ಸಾಹುಕಾರ ಜಾಗ ಬಿಡು ಎಂದು ಹೇಳಿ ಕಳಿಸಿದ್ದಾನೆ. ಬಿಡುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಎಬ್ಬಿಸಿದರೆ ಹತ್ತು ಮಾರು ಆಚೆ ಹಳ್ಳದ ದಂಡೆಯ ಮೇಲೆ ಗುಡಿಸಲು ಹಾಕುತ್ತೇನೆ. ಕರೆಯಲು ಬರುವವರು ಹತ್ತು ಮಾರು ಹೆಚ್ಚು ನಡೆಯಬೇಕಾಗುತ್ತದೆ, ಅಷ್ಟೆ.

ಒಂದು ವಿಷಯ ಹೇಳಲೇಬೇಕು. ಮೊನ್ನೆ ಗಾಣಿಗರ ಮನೆಯಲ್ಲಿ ಹೆರಿಗೆ ಇತ್ತು. ಕೂಸನ್ನು ಸುತ್ತಿಕೊಂಡು ಹೊಸಿಲಿಗೆ ಬಂದೆ. ಮೊರ ಮೊದಲೇ ತುಂಬಿ ಇಟ್ಟಿದ್ದರು, ಒಂದೇ ಮೊರ. ನಿಂತೆ. ಯಾರೂ ಏನೂ ಕೇಳಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಏನ್ ಹುಟ್ಟೇತಿ ಅಂತ ಯಾರೂ ಕೇಳವಲ್ರಿ?" ಎಂದೆ.

ಆ ಮನೆಯ ಮುದುಕಿ ಗಾಳೆಮ್ಮ, "ಕೊಡೂದು ಕೊಟ್ಟೀವಿ, ಇನ್ನ ಯಾವುದಾದ್ರೇನು. ಕೂಸು ಕೊಡ ಇತ್ತ, ಥಂಡಿ ಬಡಿತೈತಿ" ಎಂದು ಬಂದು, ನೀರು ಹಾಕುವ ಮೊದಲೇ ನನ್ನ ಕೈಯಿಂದ ಕೂಸನ್ನು ಎತ್ತಿಕೊಂಡಳು. ಅವಳ ಬೆರಳುಗಳು ನನ್ನ ಬೆರಳಿಗೆ ತಾಗಿದವು. ಅವಳಿಗೆ ಅದು ಗೊತ್ತಾಗಲೂ ಇಲ್ಲ, ಕೂಸಿನ ಮುಖ ನೋಡುತ್ತಿದ್ದಳು.

ಯಂಕಮ್ಮನ ಕಣ್ಣಲ್ಲಿ ನೀರು ಬಂತು ಎಂದು ಹಸನ್‌ಸಾಬರು ತಾವಾಗಿಯೇ ಬರೆಯಲು ಹೊರಟಿದ್ದರು. ಹೊಡೆದುಹಾಕಿಸಿದೆ. ಸಿಟ್ಟು ಬಂತು ಎಂದು ಬರೆಯಿರಿ ಎಂದೆ. ಇಷ್ಟು ಸಲೀಸಾದ ಕೆಲಸಕ್ಕೆ ನನ್ನನ್ನು ನಲವತ್ತು ವರ್ಷ ಹೊಸಿಲಲ್ಲಿ ನಿಲ್ಲಿಸಿದರಲ್ಲ, ಆ ಸಿಟ್ಟು.

ನಿನ್ನ ಅವ್ವ,
ಯಂಕಮ್ಮ